ಕಾಣದ ಮನೆಗೆ ಯಾವ ಗುರುತು? ರೋಬೋಟಿನ ದಾರಿ ಕುರಿತ ಒಂದು ಪಾಠ, ಎರಡು ಬಾರಿ

ಪೀಠಿಕೆ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಹುಮನಾಬಾದಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ ಸಿಕ್ಕಿತು. ನಮ್ಮ ಕಾಲೇಜು ಇರುವುದು ಬಸವಕಲ್ಯಾಣದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಪಾಠ ಮುಗಿಸಿ, ಸಂಜೆ ಕಾಲೇಜಿಗೆ ಬಂದು ವೀಕ್ಷಣಾ ಪುಸ್ತಕ ತೋರಿಸುವುದು ರೂಢಿ. ಗಣಿತದಲ್ಲಿ ನಾನು ಆರಿಸಿಕೊಂಡ ಘಟಕ 'ನಿರ್ದೇಶಾಂಕ ರೇಖಾಗಣಿತ'. ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸುವುದನ್ನು ಮಕ್ಕಳು ಆಗಲೇ ಕಲಿತಿದ್ದರು. ಅದು ಎಲ್ಲಿ ಬಳಕೆಗೆ ಬರುತ್ತದೆ ಎಂದು ತೋರಿಸಲು ರೋಬೋಟ್ ತನ್ನ ದಾರಿಯನ್ನು ಹೇಗೆ ಕಂಡುಕೊಳ್ಳುತ್ತದೆ ಎಂಬ ವಿಷಯವನ್ನು ಒಂದು ಅವಧಿಗೆ ಯೋಜಿಸಿದೆ.

ಆ ಪಾಠವನ್ನು ನಾನು ಎರಡು ಬಾರಿ ಮಾಡಿದೆ. ಮೊದಲ ಸಲ ಅದು ಕೆಟ್ಟಿತು, ಒಬ್ಬ ಹುಡುಗನ ಮೊಣಕಾಲು ತರಚಿತು. ಹಾಗೇಕಾಯಿತು ಎಂದು ಹುಡುಕುತ್ತ ಹೋದಾಗ, ರೋಬೋಟ್ ವಿಜ್ಞಾನದಲ್ಲಿ ಬಹಳ ಮುಖ್ಯವಾದ ಎರಡು ಮಾತುಗಳನ್ನು ನಾನೇ ಸರಿಯಾಗಿ ತಿಳಿದಿರಲಿಲ್ಲ ಎಂದು ಗೊತ್ತಾಯಿತು. ಈ ಪಾಠ ಮಾಡಬೇಕೆನ್ನುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದಂತೆ ಬರೆದಿದ್ದೇನೆ.

ವಿಷಯದ ಹಿನ್ನೆಲೆ: ಚಂದ್ರನ ಮೇಲಿನ ದಾರಿ

ಪ್ರೇರಣೆಗೆ ನಾನು ತೆಗೆದುಕೊಂಡ ಉದಾಹರಣೆ ನಮ್ಮ ರಾಜ್ಯದಿಂದಲೇ ನಡೆಸಿದ ರೋಬೋಟ್: ಚಂದ್ರಯಾನ-3ರ ಪ್ರಗ್ಯಾನ್ ರೋವರ್. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರದ ಪ್ರದೇಶದಲ್ಲಿ ಇಳಿಯಿತು. ಅದರ ಹೊಟ್ಟೆಯಿಂದ ಹೊರಬಂದ ಪ್ರಗ್ಯಾನ್ 26 ಕಿಲೋ ತೂಕದ, ಆರು ಚಕ್ರದ ಗಾಡಿ. ಅದರ ವೇಗ ಸೆಕೆಂಡಿಗೆ 1 ಸೆಂಟಿಮೀಟರ್.

ಇದನ್ನು ಮಕ್ಕಳ ಆಟದ ಕಾರಿನ ಹಾಗೆ ರಿಮೋಟಿನಿಂದ ನಡೆಸುವಂತಿಲ್ಲ. ಚಂದ್ರ ಸರಾಸರಿ 3,84,000 ಕಿಲೋಮೀಟರ್ ದೂರ. ಸಂಕೇತ ಒಂದು ಕಡೆಗೆ ಹೋಗಲು ಸುಮಾರು 1.3 ಸೆಕೆಂಡ್ ಬೇಕು. ಪ್ರಗ್ಯಾನ್ ನೇರವಾಗಿ ಭೂಮಿಯೊಂದಿಗೆ ಮಾತಾಡುವುದಿಲ್ಲ. ಅದು ವಿಕ್ರಮ್‌ಗೆ ಹೇಳಬೇಕು, ವಿಕ್ರಮ್ ಭೂಮಿಗೆ ಹೇಳಬೇಕು. ಭೂಮಿಯಲ್ಲಿ ಕೇಳಿಸಿಕೊಳ್ಳುವ ದೊಡ್ಡ ಆಂಟೆನಾ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಕಾರ್ಯಾಚರಣೆ ನಡೆದದ್ದು ಬೆಂಗಳೂರಿನ ಇಸ್ರೋ ಕೇಂದ್ರ ಇಸ್ಟ್ರ್ಯಾಕ್‌ನಲ್ಲಿ.

ರೋವರಿನ ಮುಂಭಾಗದಲ್ಲಿ ಎರಡು ದಾರಿ ನೋಡುವ ಕ್ಯಾಮೆರಾಗಳಿದ್ದವು. ಇವನ್ನು ಮಾಡಿದ್ದೂ ಬೆಂಗಳೂರಿನಲ್ಲೇ, ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ. ನಮ್ಮ ಎರಡು ಕಣ್ಣುಗಳ ಹಾಗೆ ಅವು ಒಂದೇ ನೆಲವನ್ನು ಸ್ವಲ್ಪ ಬೇರೆ ಬೇರೆ ಕೋನದಿಂದ ನೋಡುತ್ತವೆ. ಎರಡು ಚಿತ್ರಗಳ ನಡುವಿನ ವ್ಯತ್ಯಾಸದಿಂದ ಯಾವ ಕಲ್ಲು ಎಷ್ಟು ದೂರ, ಯಾವ ಗುಂಡಿ ಎಷ್ಟು ಆಳ ಎಂದು ಲೆಕ್ಕ ಹಾಕಿ, ಎತ್ತರ ತಗ್ಗುಗಳ ಡಿಜಿಟಲ್ ನಕ್ಷೆ ಮಾಡುತ್ತಿದ್ದರು. ಆ ನಕ್ಷೆ ನೋಡಿ ತಂಡದವರು ದಾರಿ ಗೊತ್ತುಮಾಡಿ ಆಜ್ಞೆ ಕಳಿಸುತ್ತಿದ್ದರು. ಒಂದು ಸಲಕ್ಕೆ ಹೀಗೆ ನಕ್ಷೆ ಆಗುವುದು ಸುಮಾರು 5 ಮೀಟರಿನಷ್ಟು ದೂರಕ್ಕೆ. ಸೆಕೆಂಡಿಗೆ 1 ಸೆಂಟಿಮೀಟರಿನಂತೆ 5 ಮೀಟರ್ ನಡೆಯಲು 500 ಸೆಕೆಂಡ್, ಅಂದರೆ 8 ನಿಮಿಷ 20 ಸೆಕೆಂಡ್. ಆಮೇಲೆ ಮತ್ತೆ ಚಿತ್ರ, ಮತ್ತೆ ನಕ್ಷೆ, ಮತ್ತೆ ಆಜ್ಞೆ.

ಆಗಸ್ಟ್ 27ರಂದು ಪ್ರಗ್ಯಾನ್ ಎದುರಿಗೆ 3 ಮೀಟರ್ ದೂರದಲ್ಲಿ 4 ಮೀಟರ್ ವ್ಯಾಸದ ಕುಳಿ ಕಂಡಿತು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲು ಆಜ್ಞೆ ಹೋಯಿತು. ಅದು ಹೊಸ ದಾರಿ ಹಿಡಿಯಿತು. ಸೆಪ್ಟೆಂಬರ್ 2ರ ಹೊತ್ತಿಗೆ 100 ಮೀಟರಿಗೂ ಹೆಚ್ಚು ದೂರ ನಡೆದಿತ್ತು. ಕುಳಿ ಮೊದಲೇ ಇತ್ತು, ಆದರೆ ನಕ್ಷೆಯಲ್ಲಿ ಬಂದದ್ದು ಅದು ಕಂಡ ಮೇಲೆ. ಈ ಕಥೆಯನ್ನು ನಾನು ಮಕ್ಕಳಿಗೆ ಚೆನ್ನಾಗಿಯೇ ಹೇಳಿದೆ. ಆದರೆ ಅದರಿಂದ ಕಲಿಯಬೇಕಾದದ್ದನ್ನು ನಾನೇ ಕಲಿತಿರಲಿಲ್ಲ.

ಚಟುವಟಿಕೆಯ ಏರ್ಪಾಡು

ಆ ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲುವ ಹಾಲಿಗೆ ಶಹಾಬಾದ್ ಕಲ್ಲು ಹಾಸಿದೆ. ಒಂದೊಂದು ಕಲ್ಲನ್ನೂ ಒಂದು ಮನೆ ಎಂದುಕೊಂಡು, 6 ಸಾಲು 6 ಕಂಬಸಾಲಿನ 36 ಮನೆಗಳಿಗೆ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ. ಚೌಕಾಬಾರ ಆಡಿದ ಮಕ್ಕಳಿಗೆ 'ಮನೆ' ಎಂಬ ಮಾತನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಪಠ್ಯಪುಸ್ತಕದಲ್ಲಿ ನಿರ್ದೇಶಾಂಕ ಸೇರುವುದು ಬಿಂದುವಿಗೆ, ಇಲ್ಲಿ ಮನೆಗೆ. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಾಲಿನ ಒಂದು ತುದಿಗೆ ವೇದಿಕೆ, ಇನ್ನೊಂದು ತುದಿಗೆ ಬಾಗಿಲು. ವೇದಿಕೆಯ ಹತ್ತಿರ ಕೂತ 'ವೇದಿಕೆ ತಂಡ' ತನ್ನ ಕಡೆಯ ಮೂರು ಸಾಲುಗಳ ನಕ್ಷೆ ಬರೆಯಬೇಕು. ಎದುರಿಗೆ ಕೂತ 'ಬಾಗಿಲು ತಂಡ' ತನ್ನ ಕಡೆಯ ಮೂರು ಸಾಲುಗಳದ್ದು. ಮೂರನೆಯ ತಂಡ ತರಗತಿಯ ಕೋಣೆಯಲ್ಲಿ ಕೂತಿತ್ತು, ಅದು 'ಯೋಜನಾ ತಂಡ'. ಅವರಿಗೆ ಹಾಲು ಕಾಣುವುದಿಲ್ಲ, ಕೈಗೆ ಬರುವ ಎರಡು ಹಾಳೆಗಳಷ್ಟೇ ಅವರ ಕಣ್ಣು. ಅವರು ಹಾಳೆಗಳನ್ನು ಅಂಟಿಸಿ, ದಾರಿ ಹುಡುಕಿ, ಆಜ್ಞೆಯ ಚೀಟಿ ಬರೆಯಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹುಡುಗ ರೋಬೋಟ್. ವೇದಿಕೆಯ ಎಡಮೂಲೆಯ (1, 1) ಮನೆಯಿಂದ ಹೊರಟು ಎದುರು ಮೂಲೆಯ (6, 6) ಮನೆ ಮುಟ್ಟಬೇಕು. ಕರ್ಣವಾಗಿ ನಡೆಯುವಂತಿಲ್ಲ.

ಅಡ್ಡಿಗಳಿಗೆ ಪಾಟಿಚೀಲಗಳನ್ನು ಇಟ್ಟೆ: (3, 1), (3, 2), (5, 3) ಮತ್ತು (3, 4) ಮನೆಗಳಲ್ಲಿ. (5, 5) ಮತ್ತು (5, 6) ಎರಡೂ ಮನೆಗಳನ್ನು ಒಂದು ಡೆಸ್ಕು ಹಿಡಿದಿತ್ತು.

ದಾರಿ ಹುಡುಕುವ ವಿಧಾನ

ಯೋಜನಾ ತಂಡಕ್ಕೆ ನಾನು ಕಲಿಸಿದ್ದು ಅಲೆಯ ವಿಧಾನ. ಕೆರೆಗೆ ಕಲ್ಲು ಎಸೆದರೆ ಅಲೆ ಸುತ್ತಲೂ ಹರಡುವ ಹಾಗೆ, ಗುರಿಯ ಮನೆಯಲ್ಲಿ 0 ಬರೆಯಬೇಕು. ಅದರ ಪಕ್ಕದ ಖಾಲಿ ಮನೆಗಳಲ್ಲಿ 1, ಅವುಗಳ ಪಕ್ಕದ ಖಾಲಿ ಮನೆಗಳಲ್ಲಿ 2, ಹೀಗೆ ಹೊರಟ ಮನೆ ತಲುಪುವವರೆಗೆ. ಅಡ್ಡಿ ಇರುವ ಮನೆಯಲ್ಲಿ ಏನೂ ಬರೆಯಬಾರದು. ಹೊರಟ ಮನೆಯಲ್ಲಿ ಬಂದ ಸಂಖ್ಯೆಯೇ ಅತಿ ಕಡಿಮೆ ಹೆಜ್ಜೆಗಳ ಸಂಖ್ಯೆ. ಅಲ್ಲಿಂದ ಒಂದೊಂದೇ ಕಡಿಮೆಯಾಗುವ ಮನೆಗೆ ಇಳಿಯುತ್ತ ಹೋದರೆ ದಾರಿ ಸಿಗುತ್ತದೆ.

ದೊಡ್ಡ ನಕ್ಷೆಗಳಲ್ಲಿ ಎಲ್ಲ ಮನೆಗಳಿಗೂ ಸಂಖ್ಯೆ ಬರೆಯುತ್ತ ಕೂತರೆ ಹೊತ್ತು ಹಿಡಿಯುತ್ತದೆ. ಅದಕ್ಕಾಗಿ 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್ ಮತ್ತು ಬರ್ಟ್ರಮ್ ರಾಫೆಲ್ 'ಎ ಸ್ಟಾರ್' ಎಂಬ ವಿಧಾನ ಪ್ರಕಟಿಸಿದರು. ಅಲ್ಲಿ 'ಶೇಕಿ' ಎಂಬ ರೋಬೋಟಿನ ಮೇಲೆ ಆಗ ಕೆಲಸ ನಡೆದಿತ್ತು. ಈವರೆಗೆ ನಡೆದ ಹೆಜ್ಜೆಗಳಿಗೆ ಗುರಿಗೆ ಇನ್ನೆಷ್ಟು ದೂರ ಉಳಿದಿರಬಹುದು ಎಂಬ ಅಂದಾಜನ್ನು ಕೂಡಿಸಿ, ಮೊತ್ತ ಕಡಿಮೆ ಇರುವ ಕಡೆಗೆ ಮೊದಲು ಹುಡುಕುವುದು ಅದರ ಸೂತ್ರ. ಅಂದಾಜು ನಿಜವಾದ ದೂರಕ್ಕಿಂತ ಹೆಚ್ಚಾಗದಿದ್ದರೆ, ಸಿಗುವ ದಾರಿ ಅತಿ ಚಿಕ್ಕದೇ ಆಗಿರುತ್ತದೆ. ನಮ್ಮ 36 ಮನೆಗಳಿಗೆ ಅಲೆಯ ವಿಧಾನವೇ ಸಾಕು.

ಮೊದಲ ಪಾಠ: ಎರಡು ತಪ್ಪುಗಳು

ಯೋಜನಾ ತಂಡ ಎರಡು ಹಾಳೆಗಳನ್ನೂ ಒಂದರ ಮೇಲೊಂದು ಅಂಟಿಸಿ, ಸಂಖ್ಯೆ ಬರೆದು, 10 ಹೆಜ್ಜೆಯ ದಾರಿ ಕೊಟ್ಟಿತು. ರೋಬೋಟ್ ನಾಲ್ಕು ಹೆಜ್ಜೆ ಸರಿಯಾಗಿ ನಡೆದು (3, 3) ಮನೆಗೆ ಬಂದ. ಐದನೆಯ ಹೆಜ್ಜೆಗೆ (3, 4)ರಲ್ಲಿದ್ದ ಚೀಲಕ್ಕೆ ಕಾಲು ತಾಗಿತು. ಬಾಗಿಲು ತಂಡದವರು ಕೂಗಿದರು: "ನಾವ್ ಬರದಿದ್ದೇವ್ರಿ ಟೀಚರ್, ಅಲ್ಲಿ ಚೀಲ ಅದ ಅಂತ!"

ಅವರು ಬರೆದದ್ದು ನಿಜ. ಆದರೆ ತಾವು ಕೂತ ಕಡೆಯಿಂದ ಎಣಿಸಿ ಬರೆದಿದ್ದರು. ಎದುರುಬದುರು ಕೂತವರಿಗೆ ಒಬ್ಬರ ಎಡ ಇನ್ನೊಬ್ಬರಿಗೆ ಬಲ, ಒಬ್ಬರ ಮೊದಲ ಸಾಲು ಇನ್ನೊಬ್ಬರಿಗೆ ಆರನೆಯದು. ಆ ಚೀಲ ಅವರ ಹಾಳೆಯಲ್ಲಿ (4, 3). ವೇದಿಕೆಯಿಂದ ಎಣಿಸಿದರೆ ಅದು (7−4, 7−3), ಅಂದರೆ (3, 4). ಹಾಳೆಯನ್ನು ಪೂರ್ತಿ ಅರ್ಧ ಸುತ್ತು ತಿರುಗಿಸಿ ಅಂಟಿಸಬೇಕಿತ್ತು. ಯಾವ ತಂಡವೂ ತಪ್ಪು ನೋಡಿರಲಿಲ್ಲ, ಮೂಲಬಿಂದು ಯಾವುದು ಎಂದು ನಾನೇ ಹೇಳಿರಲಿಲ್ಲ.

ಗಡಿಬಿಡಿಯಲ್ಲಿ ಹಾಳೆ ತಿರುಗಿಸಿ ಅಂಟಿಸಿ, ಹೊಸ ದಾರಿ ಮಾಡಿಸಿದೆ. ಈ ಸಲವೂ 10 ಹೆಜ್ಜೆ. ರೋಬೋಟ್ ಮತ್ತೆ ಹೊರಟ. ಆರನೆಯ ಹೆಜ್ಜೆಗೆ (4, 4) ಮನೆಗೆ ಬಂದು ನಿಂತುಬಿಟ್ಟ. ಮುಂದಿನ ಆಜ್ಞೆ ಬಲಕ್ಕೆ, (5, 4) ಮನೆಗೆ.

"ಟೀಚರ್, ಮುಂದ ಏನೋ ಅದ ಅನಸ್ತದರಿ. ಕಾಲಿಗಿ ತಂಪ ಹತ್ತಲಾಕತ್ತದ."

ಗಂಟೆ ಹೊಡೆಯಲು ಐದು ನಿಮಿಷ ಉಳಿದಿತ್ತು. ಹಿಂದೆ ನನ್ನ ಮಾರ್ಗದರ್ಶಕ ಉಪನ್ಯಾಸಕರು ಕೂತು ಬರೆದುಕೊಳ್ಳುತ್ತಿದ್ದರು. ನಾನು ಅಂದೆ: "ರೋಬೋಟ್ ಮಾತಾಡಂಗಿಲ್ಲ. ಹೇಳಿದಷ್ಟ ನಡಿ."

ಅವನು ನಡೆದ. ಅಲ್ಲಿ ಕುಡಿಯುವ ನೀರಿನ ಕೊಡ ಇತ್ತು. ನಾನು ತರಗತಿಯ ಕೋಣೆಯಲ್ಲಿ ಯೋಜನಾ ತಂಡಕ್ಕೆ ಹೇಳಿಕೊಡುತ್ತಿದ್ದಾಗ ಯಾರೋ ಹೊರಗಿನ ಬಿಸಿಲಿನಿಂದ ತಂದು ಡೆಸ್ಕಿನ ಮರೆಗೆ ಇಟ್ಟಿದ್ದರು. ಕೊಡ ಉರುಳಿತು, ನೀರಿನಲ್ಲಿ ಹುಡುಗ ಜಾರಿ ಬಿದ್ದ, ಮೊಣಕಾಲು ತರಚಿತು. ತರಗತಿ ನಕ್ಕಿತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತಂದು ಗಾಯ ತೊಳೆದೆ, ಅವನ ಕ್ಷಮೆ ಕೇಳಿದೆ, ಮುಖ್ಯಗುರುಗಳಿಗೆ ಹೇಳಿದೆ. ಅವನು "ಏನಾಗಿಲ್ರಿ" ಅಂದ. ಆದರೆ ಮರುದಿನದಿಂದ ನಾನು ಏನು ಕೇಳಿದರೂ ಅವನ ಕೈ ಮೇಲೇಳಲಿಲ್ಲ.

ಬಸವಕಲ್ಯಾಣದಲ್ಲಿ ಚರ್ಚೆ

ಸಂಜೆ ಕಾಲೇಜಿನಲ್ಲಿ ಸಹಪಾಠಿಗಳು ಸಾಮಾನ್ಯವಾಗಿ ಹೇಳುವುದನ್ನೇ ಹೇಳಿದರು: ಸಮಯ ಪಾಲನೆ ಸಾಲದು, ಕೊಡವನ್ನು ನೋಡಿಕೊಳ್ಳಬೇಕಿತ್ತು, ತರಗತಿ ನಿರ್ವಹಣೆ ಸುಧಾರಿಸಬೇಕು. ಎಲ್ಲವೂ ಸರಿ. ಉಪನ್ಯಾಸಕರು ಮಾತ್ರ ಒಂದು ಪ್ರಶ್ನೆ ಕೇಳಿದರು: "ಆಟ ಛಲೋ ಆಯ್ತು. ಆದ್ರ ಆ ಹುಡುಗ ತಂಪದ ಅಂದನಲ್ಲ, ಅದು ಯಾರ ನಕಾಶೆದಾಗ ಬಂತು?"

ಯಾರದ್ದರಲ್ಲೂ ಬಂದಿರಲಿಲ್ಲ. ಬಾಗಿಲು ತಂಡದ ಹಾಳೆ ತೆಗೆದು ನೋಡಿದೆ. ಅವರ ಎಣಿಕೆಯಲ್ಲಿ ಆ ಮನೆ (2, 3). ಡೆಸ್ಕು ಅವರ (2, 1) ಮತ್ತು (2, 2)ರಲ್ಲಿ ಇತ್ತು. ನೆಲದ ಮೇಲೆ ಕೂತವರಿಗೆ ಡೆಸ್ಕಿನ ಹಿಂದಿನ ಮನೆ ಕಾಣುವಂತಿರಲಿಲ್ಲ. ಕಾಣದ್ದರಿಂದ ಏನೂ ಬರೆಯದೆ ಬಿಟ್ಟಿದ್ದರು. ಖಾಲಿ ಮನೆಗೂ ಏನೂ ಬರೆಯಬಾರದೆಂದೇ ನಾನು ಹೇಳಿದ್ದೆ. ಹಾಗಾಗಿ ಯೋಜನಾ ತಂಡದ ಕೈಗೆ ಬಂದಾಗ 'ನೋಡಿದೆವು, ಖಾಲಿ ಇದೆ' ಮತ್ತು 'ನೋಡಿಲ್ಲ' ಎರಡೂ ಒಂದೇ ಬಿಳಿ ಚೌಕವಾಗಿದ್ದವು.

ರೋಬೋಟ್ ವಿಜ್ಞಾನದಲ್ಲಿ ಈ ತೊಡಕಿಗೆ ಹಳೆಯ ಪರಿಹಾರವೇ ಇದೆ. 1985ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಾನ್ಸ್ ಮೊರಾವೆಕ್ ಮತ್ತು ಆಲ್ಬರ್ಟೊ ಎಲ್ಫೆಸ್, ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ರೋಬೋಟಿಗೆ ಚೌಕಮನೆಗಳ ನಕ್ಷೆ ಮಾಡುವ ವಿಧಾನ ತೋರಿಸಿದರು. ಅದರ ಮುಂದಿನ ರೂಪದಲ್ಲಿ ಪ್ರತಿ ಮನೆಗೂ 0ಯಿಂದ 1ರ ನಡುವಿನ ಒಂದು ಸಂಖ್ಯೆ ಇರುತ್ತದೆ. 0 ಅಂದರೆ ಖಂಡಿತ ಖಾಲಿ, 1 ಅಂದರೆ ಖಂಡಿತ ಅಡ್ಡಿ. ಆರಂಭದಲ್ಲಿ ಎಲ್ಲ ಮನೆಗಳಿಗೂ 0.5, ಅಂದರೆ ಗೊತ್ತಿಲ್ಲ. ನೋಡಿದಂತೆಲ್ಲ ಸಂಖ್ಯೆ ಒಂದು ಕಡೆಗೆ ಸರಿಯುತ್ತದೆ.

ಇಬ್ಬರು ನೋಡಿದ್ದನ್ನು ಕೂಡಿಸುವ ಲೆಕ್ಕ ಹೀಗಿದೆ. ಅಡ್ಡಿಯ ಸಾಧ್ಯತೆಯನ್ನು ಖಾಲಿಯ ಸಾಧ್ಯತೆಯಿಂದ ಭಾಗಿಸಬೇಕು. 0.8 ಇದ್ದರೆ ಅನುಪಾತ 4, 0.5 ಇದ್ದರೆ 1, 0.2 ಇದ್ದರೆ ಕಾಲು. ಇಬ್ಬರೂ ಬೇರೆ ಬೇರೆಯಾಗಿ ನೋಡಿದ್ದರೆ ಅವರ ಅನುಪಾತಗಳನ್ನು ಗುಣಿಸಬೇಕು.

ಇಬ್ಬರೂ 0.8 ಅಂದರೆ 4 × 4 = 16. ಸಾಧ್ಯತೆ 16/17, ಸುಮಾರು 0.94. ಇಬ್ಬರು ಕಂಡದ್ದು ಒಬ್ಬರು ಕಂಡದ್ದಕ್ಕಿಂತ ಗಟ್ಟಿ.

ಒಬ್ಬರು 0.8, ಇನ್ನೊಬ್ಬರು ಗೊತ್ತಿಲ್ಲ ಎಂದು 0.5 ಅಂದರೆ 4 × 1 = 4. ಸಾಧ್ಯತೆ 0.8 ಆಗಿಯೇ ಉಳಿಯುತ್ತದೆ. ಗೊತ್ತಿಲ್ಲ ಎಂದವರಿಂದ ನಷ್ಟವಿಲ್ಲ.

ಒಬ್ಬರು 0.8, ಇನ್ನೊಬ್ಬರು ನೋಡದೆಯೇ ಖಾಲಿ ಎಂದು 0.2 ಅಂದರೆ 4 × ¼ = 1. ಸಾಧ್ಯತೆ 0.5ಕ್ಕೆ ಇಳಿಯುತ್ತದೆ. ಒಬ್ಬರು ಕಣ್ಣಾರೆ ಕಂಡದ್ದು ಇನ್ನೊಬ್ಬರ ಖಾಲಿ ಮಾತಿನಿಂದ ಅಳಿಸಿಹೋಯಿತು.

ಮೂರನೆಯ ಲೆಕ್ಕ ಮಾಡಿದಾಗ ನನಗೆ ಆ ಹುಡುಗ ನೆನಪಾದ. ತಂಪು ಹತ್ತುತ್ತಿದೆ ಎಂದು ಅವನ ಕಾಲು ಹೇಳಿತ್ತು. ಯಾರೂ ನೋಡದ ಹಾಳೆಯ ಬಿಳಿ ಚೌಕವನ್ನು ನಂಬಿ ನಾನು ಅವನ ಮಾತನ್ನು ಅಳಿಸಿದ್ದೆ.

ಎರಡನೆಯ ಪಾಠ

ಮರುವಾರ ಅದೇ ತರಗತಿಯಲ್ಲಿ ಎರಡನೆಯ ಪಾಠಕ್ಕೆ ಅನುಮತಿ ಪಡೆದೆ. ಪ್ರೇರಣೆಗೆ ನನ್ನದೇ ಅನುಭವ ಹೇಳಿದೆ. ಹುಮನಾಬಾದಿಗೆ ಬಂದ ಮೊದಲ ದಿನ ಶಾಲೆಯ ದಾರಿ ಕೇಳಿದಾಗ ಒಬ್ಬರು ಎಡಕ್ಕೆ ಹೊರಳಿ ಅಂದರು, ಇನ್ನೊಬ್ಬರು ಬಲಕ್ಕೆ ಅಂದರು. ಒಬ್ಬರು ಬಸ್ ನಿಲ್ದಾಣದಿಂದ ಬರುವವರಿಗೆ ಹೇಳಿದ್ದರು, ಇನ್ನೊಬ್ಬರು ವೀರಭದ್ರೇಶ್ವರ ಗುಡಿಯ ಕಡೆಯಿಂದ ಬರುವವರಿಗೆ. "ಇಬ್ಬರಾಗ ಯಾರು ತಪ್ಪು?" ಎಂದು ಕೇಳಿದೆ. "ಇಬ್ರೂ ಖರೆನೇ ಟೀಚರ್, ಎಲ್ಲಿಂದ ಅಂತ ಹೇಳ್ಬೇಕಿತ್ತು" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು.

ಈ ಸಲ ಮೂರು ನಿಯಮ ಮಾಡಿದೆವು.

ಒಂದು, ಎಣಿಕೆ ಎಲ್ಲರಿಗೂ ವೇದಿಕೆಯ ಎಡಮೂಲೆಯಿಂದ. ಆ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ದೊಡ್ಡ ಸೊನ್ನೆ ಬರೆದೆವು. ಬಾಗಿಲು ತಂಡ ತನ್ನ ಕಡೆಯಿಂದ ಎಣಿಸಿದರೆ 7ರಿಂದ ಕಳೆದು ಬರೆಯಬೇಕು.

ಎರಡು, ಹಾಳೆಯ ಎಲ್ಲ ಮನೆಗಳಲ್ಲೂ ಮೊದಲೇ ಪ್ರಶ್ನೆ ಚಿಹ್ನೆ ಇರುತ್ತದೆ. ನೋಡಿ ಖಾಲಿ ಎಂದು ಖಾತ್ರಿಯಾದರೆ ಮಾತ್ರ ಅದನ್ನು ಹೊಡೆದು ಸೊನ್ನೆ, ಅಡ್ಡಿ ಕಂಡರೆ ×.

ಮೂರು, ರೋಬೋಟಿಗೆ 'ನಿಲ್ಲು' ಎನ್ನುವ ಹಕ್ಕಿದೆ. ಅದು ಕಂಡುಕೊಂಡದ್ದು ಮೊದಲು ನಕ್ಷೆಗೆ ಹೋಗಬೇಕು, ಆಮೇಲೆ ಮುಂದಿನ ಹೆಜ್ಜೆ.

ರೋಬೋಟ್ ಆಗಲು ಒಬ್ಬ ಹುಡುಗಿ ಮುಂದೆ ಬಂದಳು. ಮುಂದಿನ ಮನೆ ತಡವಿ ನೋಡಲು ಅವಳ ಕೈಗೆ ಒಂದು ಮೀಟರಿನ ಅಳತೆಪಟ್ಟಿ ಕೊಟ್ಟೆ, ಪಕ್ಕದಲ್ಲಿ ಕೈ ಹಿಡಿಯಲು ಒಬ್ಬ ಗೆಳತಿಯನ್ನು ನಿಲ್ಲಿಸಿದೆ. ಕೊಡವನ್ನು ಹೊರಗೆ ಇಡಿಸಿದೆ. ಡೆಸ್ಕಿನ ಹಿಂದಿನ (5, 4) ಮನೆಯಲ್ಲಿ ಯಾರಿಗೂ ಹೇಳದೆ ಒಂದು ಖಾಲಿ ರಟ್ಟಿನ ಡಬ್ಬಿ ಇಟ್ಟೆ. ಉಳಿದ ಅಡ್ಡಿಗಳು ಹಿಂದಿನಂತೆಯೇ.

ಬಿದ್ದಿದ್ದ ಹುಡುಗ ರೋಬೋಟ್ ಆಗಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅವನು ಯೋಜನಾ ತಂಡದಲ್ಲಿ ಕೂತ. ಹಾಳೆಗಳು ಬಂದವು, ಈ ಸಲ ಸರಿಯಾಗಿ ಕೂಡಿದವು. ಒಂದೇ ಒಂದು ಮನೆಯಲ್ಲಿ ಪ್ರಶ್ನೆ ಚಿಹ್ನೆ ಉಳಿದಿತ್ತು. ಉಳಿದವರು ಅದರ ಮೇಲೆಯೇ ಸಂಖ್ಯೆ ಬರೆಯಲು ಹೊರಟಾಗ ಅವನು ಹಾಳೆಯ ಮೇಲೆ ಬೆರಳಿಟ್ಟ. "ಈ ಮನಿ ಯಾರ್ ನೋಡ್ಯಾರ?"

ಅಲ್ಲಿಂದ ಶುರುವಾದ ವಾದ ಪಾಠದ ಅತಿ ಒಳ್ಳೆಯ ಭಾಗ. ಆ ಮನೆ ಖಾಲಿ ಎಂದುಕೊಂಡರೆ 10 ಹೆಜ್ಜೆ. ಅದನ್ನು ಬಿಟ್ಟು ಎಲ್ಲರೂ ನೋಡಿದ ಮನೆಗಳಲ್ಲೇ ಹೋಗುವುದಾದರೆ, (4, 3)ರಿಂದ (4, 2)ಕ್ಕೆ ಇಳಿದು, (5, 2), (6, 2) ಹಿಡಿದು ಬಲಬದಿಯಿಂದ ಮೇಲೇರಬೇಕು: 12 ಹೆಜ್ಜೆ. ಮೂರನೆಯ ಉಪಾಯವೂ ಇತ್ತು. (4, 4)ರವರೆಗೆ ಹೋಗಿ ಪಟ್ಟಿಯಿಂದ ತಡವಿ ನೋಡುವುದು. ಖಾಲಿ ಇದ್ದರೆ 10ರಲ್ಲೇ ಮುಗಿಯುತ್ತದೆ. ಅಡ್ಡಿ ಇದ್ದರೆ ಹಿಂದಕ್ಕೆ ಬಂದು ಸುತ್ತಿ ಹೋಗಬೇಕು, ಒಟ್ಟು 14. ಖಾಲಿಯೋ ಅಡ್ಡಿಯೋ ಸಮಸಮ ಎಂದುಕೊಂಡರೆ ಸರಾಸರಿ (10 + 14) ÷ 2 = 12. ಸುತ್ತುದಾರಿಯಷ್ಟೇ! ಈ ಲೆಕ್ಕ ನಾನು ಮೊದಲೇ ಯೋಜಿಸಿದ್ದಲ್ಲ, ಮಕ್ಕಳ ವಾದದಲ್ಲಿ ಕಪ್ಪುಹಲಗೆಯ ಮೇಲೆ ಬಂದದ್ದು.

ಹೋಗಿ ನೋಡುವುದೆಂದು ತಂಡ ತೀರ್ಮಾನಿಸಿತು. (4, 4)ರಲ್ಲಿ ನಿಂತು ಹುಡುಗಿ ಪಟ್ಟಿ ಚಾಚಿದಳು, ರಟ್ಟಿನ ಸದ್ದಾಯಿತು. "ನಿಲ್ಲು. ಅಡ್ಡಿ ಅದ" ಅಂದಳು. ಪ್ರಶ್ನೆ ಚಿಹ್ನೆ ಹೋಗಿ × ಬಂತು. ಹೊಸ ಅಲೆ, ಹೊಸ ಚೀಟಿ, ಒಟ್ಟು 14 ಹೆಜ್ಜೆಗೆ (6, 6) ಮುಟ್ಟಿದಳು. "12ರಾಗ ಆಗ್ತಿತ್ತಲ್ಲ" ಎಂದು ಒಬ್ಬ ಗೊಣಗಿದ. ಬಾಗಿಲು ತಂಡದ ಒಬ್ಬಳು ಉತ್ತರ ಕೊಟ್ಟಳು: "ಆಗ್ತಿತ್ತು. ಆದ್ರ ಇನ್ನ ಮ್ಯಾಗ ಬರೋ ರೋಬೋಟಿಗಿ ಅಲ್ಲೇನದ ಅಂತ ಗೊತ್ತದ." ಅದನ್ನು ಪರೀಕ್ಷಿಸಲು ಎರಡನೆಯ ರೋಬೋಟನ್ನು (4, 6) ಮನೆಯಿಂದ (5, 2)ಕ್ಕೆ ಕಳಿಸಿದೆವು. ಅದು ಡಬ್ಬಿಯ ಕಡೆಗೆ ಹೊರಳದೆ ನೇರ ಇಳಿದು ಐದೇ ಹೆಜ್ಜೆಗೆ ಹೋಯಿತು. ಹಲವು ರೋಬೋಟುಗಳು ಒಂದೇ ನಕ್ಷೆಯನ್ನು ಹಂಚಿಕೊಳ್ಳುವುದರ ಲಾಭ ಇದೇ: ಒಂದು ಕಂಡದ್ದನ್ನು ಇನ್ನೊಂದು ಮತ್ತೆ ಎಡವಿ ಕಲಿಯಬೇಕಿಲ್ಲ.

ಮೌಲ್ಯಮಾಪನ

ಕೊನೆಗೆ ಎರಡು ಪ್ರಶ್ನೆ ಕೊಟ್ಟೆ. ಮೊದಲನೆಯದು, ಎದುರು ಬದಿಯಿಂದ (2, 1) ಎಂದು ಕಂಡ ಮನೆ ವೇದಿಕೆಯಿಂದ ಯಾವುದು. ಹೆಚ್ಚಿನವರು (5, 6) ಎಂದು ಸರಿ ಬರೆದರು. ಕೆಲವರು (5, 1) ಎಂದು ಬರೆದರು, ಅಂದರೆ ಎಡಬಲ ಮಾತ್ರ ತಿರುಗಿಸಿ ಸಾಲನ್ನು ಹಾಗೇ ಬಿಟ್ಟಿದ್ದರು. ಇವರಿಗೆ ಹಾಳೆಯನ್ನೇ ಕೈಯಲ್ಲಿ ತಿರುಗಿಸಿ ತೋರಿಸಿದ ಮೇಲೆ ತಿಳಿಯಿತು. ಎರಡನೆಯದು, ಪ್ರಗ್ಯಾನ್ ಒಂದು ಬಂಡೆಯ ಹಿಂದಿನ ನೆಲವನ್ನು ನಕ್ಷೆಯಲ್ಲಿ ಹೇಗೆ ಗುರುತಿಸಬೇಕು. ಇದಕ್ಕೆ ಬಿದ್ದಿದ್ದ ಹುಡುಗ ಪ್ರಶ್ನೆ ಚಿಹ್ನೆ ಬರೆದು, ಕೆಳಗೆ 'ಬೇರೆ ಕಡೆ ನಿಂತು ನೋಡಬೇಕು' ಎಂದು ಸೇರಿಸಿದ್ದ. ಉತ್ತರ ಓದಿ ಹೇಳುತ್ತೀಯಾ ಎಂದೆ. ಎದ್ದು ನಿಂತು ಓದಿದ.

ಹಿನ್ನೋಟ

ಈ ಪಾಠ ಮಾಡುವವರಿಗೆ ಕೆಲವು ಸೂಚನೆಗಳು. ಒಂದು ಅವಧಿ ಸಾಲದು, ಎರಡು ಬೇಕು. ಅಡ್ಡಿಗಳೆಲ್ಲ ಹಗುರವಾಗಿರಲಿ, ನೀರು ಮತ್ತು ಗಾಜು ಹಾಲಿನಲ್ಲಿ ಇರಬಾರದು. ಆಟ ಶುರುವಾಗುವ ಮುನ್ನ ನೀವೇ ಒಂದು ಸಲ ಎಲ್ಲ ಮನೆಗಳ ಮೇಲೂ ನಡೆದು ಬನ್ನಿ, ನಿಮ್ಮ ತಲೆಯಲ್ಲಿರುವ ನಕ್ಷೆಯೂ ಹಳತಾಗಿರುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿದವರ ಪಕ್ಕದಲ್ಲಿ ಒಬ್ಬರು ಇರಲೇಬೇಕು. 7ರಿಂದ ಕಳೆಯುವುದು 6 ಮನೆಗಳಿಗೆ ಮಾತ್ರ. 8 ಮನೆಗಳಿದ್ದರೆ 9ರಿಂದ ಕಳೆಯಬೇಕು ಎಂಬುದನ್ನು ಮಕ್ಕಳಿಂದಲೇ ಹೊರಡಿಸಿ.

ಮೊದಲ ಪಾಠದ ಯೋಜನೆಯನ್ನು ಈಗ ತೆಗೆದು ನೋಡಿದರೆ 'ಪೂರ್ವಜ್ಞಾನ' ಎಂಬ ಕಲಮಿನಲ್ಲಿ 'ವಿದ್ಯಾರ್ಥಿಗಳಿಗೆ ಮೂಲಬಿಂದುವಿನ ಪರಿಕಲ್ಪನೆ ತಿಳಿದಿದೆ' ಎಂದು ಬರೆದಿದ್ದೇನೆ. ಒಬ್ಬರನ್ನೂ ಕೇಳದೆ ಬರೆದದ್ದು ಅದು. 'ತಿಳಿಯಿತಾ' ಎಂದಾಗ ಸುಮ್ಮನೆ ಕೂತವರನ್ನೆಲ್ಲ ತಿಳಿದವರೆಂದು ಎಣಿಸಿ ಮುಂದಿನ ಹಂತಕ್ಕೆ ಹೋಗಿದ್ದೇನೆ. ಬಿಳಿ ಚೌಕವನ್ನು ಖಾಲಿ ಎಂದು ಓದಿದ ತಪ್ಪೇ ಇಲ್ಲಿಯೂ ಇದೆ. ಈಗಿನ ಯೋಜನೆಗಳಲ್ಲಿ ಆ ಕಲಮಿನ ಎದುರು ಪ್ರಶ್ನೆ ಚಿಹ್ನೆ ಹಾಕಿಕೊಂಡು ತರಗತಿಗೆ ಹೋಗುತ್ತೇನೆ. ಮೊದಲ ಹತ್ತು ನಿಮಿಷದಲ್ಲಿ ಎರಡು ಸಣ್ಣ ಪ್ರಶ್ನೆ ಕೇಳಿ, ಸುಮ್ಮನಿರುವ ಬೆಂಚುಗಳ ಹತ್ತಿರ ಹೋಗಿ ನೋಡಿ, ಆಮೇಲೆ ಚಿಹ್ನೆ ಬದಲಿಸುತ್ತೇನೆ. ಇದರಿಂದ ಪಾಠ ಒಂದೆರಡು ಹೆಜ್ಜೆ ಸುತ್ತು ಬಳಸುತ್ತದೆ, ಕೆಲವು ಸಲ ಗಂಟೆ ಹೊಡೆಯುವುದರೊಳಗೆ ಮುಗಿಯುವುದೂ ಇಲ್ಲ. ಉಳಿದ ಭಾಗವನ್ನು ಮರುದಿನಕ್ಕೆ ಬರೆದುಕೊಳ್ಳುತ್ತೇನೆ.